ಕೆನಡಾದಲ್ಲಿ ಇಟಿಎಫ್ ಆರಿಸುವುದು ಹೇಗೆ? ಫಂಡ್ ಹೆಸರು ಕೇಳುವ ಮೊದಲು ಇಷ್ಟು ಮಾಡಿ

"ಯಾವ ಇಟಿಎಫ್ ತಗೊಳ್ಳಲಿ?" ಕೆನಡಾಕ್ಕೆ ಬಂದು ಒಂದೆರಡು ವರ್ಷವಾಗಿ, ಬಾಡಿಗೆ, ಕಾರಿನ ಇನ್ಶೂರೆನ್ಸ್ ಎಲ್ಲ ಕಳೆದು ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯಲು ಶುರುವಾದ ನಮ್ಮವರೆಲ್ಲ ಕೇಳುವುದು ಇದನ್ನೇ. ಪ್ರಶ್ನೆ ತಪ್ಪಲ್ಲ. ಆದರೆ ಅದನ್ನು ಕೊನೆಗೆ ಕೇಳಬೇಕು. ಹಣ ಯಾವಾಗ ಬೇಕು, ಯಾವ ಖಾತೆಯಲ್ಲಿ ಇಡುತ್ತೀರಿ, ಎಷ್ಟು ಬಿದ್ದರೆ ನಿಮ್ಮ ನಿದ್ದೆ ಕೆಡುತ್ತದೆ, ಈ ಮೂರಕ್ಕೆ ಉತ್ತರ ಸಿಕ್ಕಿದರೆ ಫಂಡ್ ಆರಿಸುವುದು ಹತ್ತು ನಿಮಿಷದ ಕೆಲಸ. ಉತ್ತರ ಇಲ್ಲದೆ ಹೊರಟವರು ಹನ್ನೆರಡು ಫಂಡ್ ಕೊಂಡು, ಯಾವುದನ್ನು ಯಾಕೆ ಕೊಂಡೆ ಅಂತ ತಾವೇ ಮರೆತಿರುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಪರವಾನಗಿ ಇರುವ ಹಣಕಾಸು ಸಲಹೆಗಾರ ಅಲ್ಲ. ಇದು ಓದಿ, ಮಾಡಿ, ಅಲ್ಲಲ್ಲಿ ಕೈ ಸುಟ್ಟುಕೊಂಡು ಕಲಿತದ್ದು. ಇಲ್ಲಿನ ಮಿತಿಗಳು 2026ರವು. ಪ್ರತಿ ವರ್ಷ ಬದಲಾಗುವ ಅಂಕಿಗಳನ್ನು ನೀವೇ ಒಮ್ಮೆ ನೋಡಿಕೊಳ್ಳಿ.

ಇಟಿಎಫ್ ಅಂದರೆ ಷೇರುಪೇಟೆಯಲ್ಲಿ ಷೇರಿನ ಹಾಗೇ ಕೊಂಡು ಮಾರಬಹುದಾದ ಫಂಡ್. ಒಂದು ಯೂನಿಟ್ ಕೊಂಡರೆ ಅದರೊಳಗಿನ ನೂರಾರು, ಕೆಲವೊಮ್ಮೆ ಸಾವಿರಾರು ಕಂಪನಿಗಳಲ್ಲಿ ನಿಮಗೆ ಒಂದೊಂದು ಚೂರು ಪಾಲು. ಅಂದ ಹಾಗೆ ಇದು ಅಮೆರಿಕದವರ ಆವಿಷ್ಕಾರ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಆದರೆ ಮೊದಲು ಯಶಸ್ವಿಯಾಗಿ ನಡೆದ ಇಟಿಎಫ್ ಶುರುವಾದದ್ದು 1990ರಲ್ಲಿ, ಟೊರೊಂಟೊ ಷೇರುಪೇಟೆಯಲ್ಲಿ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು: ನಿಮ್ಮ ಎಸ್‌ಐಎನ್ ನಂಬರ್ (ಕೆಲಸಕ್ಕೂ ತೆರಿಗೆಗೂ ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ), ಸಿಆರ್‌ಎ ಅಂದರೆ ಇಲ್ಲಿನ ತೆರಿಗೆ ಇಲಾಖೆಯ ಆನ್‌ಲೈನ್ ಖಾತೆ, ಕಳೆದ ವರ್ಷದ ತೆರಿಗೆ ಲೆಕ್ಕದ ನೋಟಿಸ್ ಆಫ್ ಅಸೆಸ್‌ಮೆಂಟ್, ಮತ್ತು ಮೂರರಿಂದ ಆರು ತಿಂಗಳ ಖರ್ಚಿಗಾಗುವ ಹಣ ಉಳಿತಾಯ ಖಾತೆಯಲ್ಲಿ. ಕೊನೆಯದು ಇಲ್ಲದಿದ್ದರೆ ಇಟಿಎಫ್ ಮಾತು ಈಗ ಬೇಡ. ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರಂತೂ ಮೊದಲು ಅದನ್ನು ತೀರಿಸಿ. ಸುಮಾರು 20% ಬಡ್ಡಿ ಕಟ್ಟುತ್ತಾ ಷೇರಿನಲ್ಲಿ 7% ಸಿಗಬಹುದು ಅಂತ ಕೂರುವುದು ಯಾವ ಲೆಕ್ಕ ಹೇಳಿ.

1. ಹಣ ಯಾವಾಗ ಬೇಕು ಅಂತ ಬರೆದಿಡಿ

ಕಾಗದ ತೆಗೆದುಕೊಂಡು ನಿಜವಾಗಿ ಬರೆಯಿರಿ. ಮನೆಯ ಡೌನ್ ಪೇಮೆಂಟ್, ಮಗಳ ಓದು, ನಿವೃತ್ತಿ, ಊರಲ್ಲಿರುವ ಅಪ್ಪ ಅಮ್ಮನಿಗೆ ಬೇಕಾಗಬಹುದಾದ ಹಣ, ಒಂದೊಂದರ ಮುಂದೆ ವರ್ಷ ಹಾಕಿ.

ಮೂರು ವರ್ಷದೊಳಗೆ ಬೇಕಾದ ಹಣ ಷೇರಿನ ಇಟಿಎಫ್‌ಗೆ ಹೋಗಬಾರದು. ಅದು ಜಿಐಸಿಗೆ ಹೋಗಲಿ. ಜಿಐಸಿ ಅಂದರೆ ನಮ್ಮ ಎಫ್‌ಡಿ ತರಹದ್ದೇ. ಇಲ್ಲವೇ ಹೆಚ್ಚು ಬಡ್ಡಿ ಕೊಡುವ ಉಳಿತಾಯ ಖಾತೆಗೆ ಹಾಕಿ. ಬ್ಯಾಂಕುಗಳಲ್ಲಿ ಠೇವಣಿ ಇಟ್ಟು ಬಡ್ಡಿ ಕೊಡುವ ಇಟಿಎಫ್‌ಗಳೂ ಇವೆ, ಕ್ಯಾಶ್ ಅನ್ನುವ ಟಿಕರ್ ಇರುವುದು ಅಂಥದ್ದೇ. (ಟಿಕರ್ ಅಂದರೆ ಪೇಟೆಯಲ್ಲಿ ಫಂಡಿಗೆ ಇರುವ ಚುಟುಕು ಹೆಸರು.) ಪರವಾಗಿಲ್ಲ, ಬಳಸಬಹುದು. ಆದರೆ ಬ್ಯಾಂಕ್ ಠೇವಣಿಗೆ ಇರುವ 1,00,000 ಡಾಲರಿನ ಸಿಡಿಐಸಿ ವಿಮೆ (ಬ್ಯಾಂಕ್ ಮುಳುಗಿದರೆ ಠೇವಣಿ ತುಂಬಿಕೊಡುವ ವ್ಯವಸ್ಥೆ) ಇಟಿಎಫ್ ಕೊಂಡ ನಿಮಗೆ ಸಿಗುವುದಿಲ್ಲ.

ಏಳೆಂಟು ವರ್ಷಕ್ಕಿಂತ ಜಾಸ್ತಿ ಸಮಯ ಇದ್ದರೆ ಮುಂದೆ ಓದಿ. ನಡುವಿನ ಅವಧಿಯವರು ಬಾಂಡ್ ಜಾಸ್ತಿ ಇರುವ ಫಂಡ್ ಕಡೆ ನೋಡಬೇಕು, ಅದನ್ನು ಮೂರನೇ ಹಂತದಲ್ಲಿ ಹೇಳುತ್ತೇನೆ.

2. ಯಾವ ಖಾತೆ? ಜನ ಎಡವುವುದು ಇಲ್ಲೇ

ಟಿಎಫ್‌ಎಸ್‌ಎ, ಆರ್‌ಆರ್‌ಎಸ್‌ಪಿ ಇವೆಲ್ಲ ಹೂಡಿಕೆಗಳಲ್ಲ. ಇವು ಡಬ್ಬಿಗಳು. ಒಳಗೆ ಏನು ತುಂಬುತ್ತೀರಿ ಅನ್ನುವುದು ಬೇರೆ ವಿಷಯ. ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ಟಿಎಫ್‌ಎಸ್‌ಎಗೆ ಹಣ ಹಾಕಿ, ಹೂಡಿಕೆ ಆಯಿತು ಅಂದುಕೊಂಡು ಎಂಟು ತಿಂಗಳು ಖುಷಿಯಾಗಿದ್ದೆ. ಒಂದು ಯೂನಿಟ್ಟೂ ಕೊಂಡಿರಲಿಲ್ಲ, ಹಣ ಸುಮ್ನೆ ಬಿದ್ದಿತ್ತು.

ಟಿಎಫ್‌ಎಸ್‌ಎ. 2009ರಲ್ಲಿ ಬಂದದ್ದು. ತೆರಿಗೆ ಕಟ್ಟಿದ ಮೇಲಿನ ಹಣ ಹಾಕುತ್ತೀರಿ, ಒಳಗೆ ಬೆಳೆದದ್ದಕ್ಕೆ ತೆರಿಗೆ ಇಲ್ಲ, ತೆಗೆದಾಗಲೂ ಇಲ್ಲ. 2024, 2025, 2026 ಮೂರೂ ವರ್ಷಕ್ಕೆ ಮಿತಿ 7,000 ಡಾಲರ್. ಬಳಸದ ಮಿತಿ ಮುಂದಿನ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಈಗ ಎಚ್ಚರಿಕೆ. 2026ರ ಹೊತ್ತಿಗೆ ಒಟ್ಟು 1,09,000 ಡಾಲರ್ ಹಾಕಬಹುದು ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು 2009ರಿಂದಲೂ ಇಲ್ಲೇ ಇದ್ದ, ಆಗಲೇ 18 ತುಂಬಿದ್ದವರ ಲೆಕ್ಕ. ನಿಮ್ಮ ಮಿತಿ ಶುರುವಾಗುವುದು ನೀವು ಕೆನಡಾ ನಿವಾಸಿಯಾದ ವರ್ಷದಿಂದ. 2022ರಲ್ಲಿ ಬಂದವರಿಗೆ 6,000, 6,500, ಆಮೇಲೆ ಮೂರು ಸಲ 7,000, ಒಟ್ಟು 33,500. ಅಷ್ಟೇ. ಮಿತಿ ಮೀರಿದ ಹಣಕ್ಕೆ ತಿಂಗಳಿಗೆ 1% ದಂಡ. ಸಿಆರ್‌ಎ ಖಾತೆಯಲ್ಲಿ ಕಾಣುವ ಅಂಕಿಯನ್ನೂ ಪೂರ್ತಿ ನಂಬಬೇಡಿ. ಬ್ಯಾಂಕುಗಳು ಹಿಂದಿನ ವರ್ಷದ ಲೆಕ್ಕ ಕಳಿಸಲು ಫೆಬ್ರವರಿ ಕೊನೆಯವರೆಗೂ ಸಮಯ ಇರುತ್ತದೆ, ಹಾಗಾಗಿ ಜನವರಿಯಲ್ಲಿ ನೋಡಿದ ಅಂಕಿ ಹಳೆಯದಿರಬಹುದು. ಇನ್ನೊಂದು, ಈ ವರ್ಷ ತೆಗೆದ ಹಣದಷ್ಟು ಮಿತಿ ನಿಮಗೆ ವಾಪಸ್ ಸಿಗುತ್ತದೆ, ಆದರೆ ಮುಂದಿನ ಜನವರಿ 1ಕ್ಕೆ. ತೆಗೆದು ಅದೇ ವರ್ಷ ಮತ್ತೆ ಹಾಕಲು ಹೋಗಿ ದಂಡ ಕಟ್ಟಿದವರು ತುಂಬಾ ಇದ್ದಾರೆ.

ಆರ್‌ಆರ್‌ಎಸ್‌ಪಿ. ನಿವೃತ್ತಿ ಖಾತೆ. ಹಾಕಿದಷ್ಟನ್ನು ಈ ವರ್ಷದ ಆದಾಯದಿಂದ ಕಳೆಯುತ್ತಾರೆ, ತೆಗೆದಾಗ ತೆರಿಗೆ ಹಾಕುತ್ತಾರೆ. ಹಿಂದಿನ ವರ್ಷದ ಸಂಬಳದ 18%, ಗರಿಷ್ಠ 2026ಕ್ಕೆ 33,810 ಡಾಲರ್. ಕಂಪನಿಯಲ್ಲಿ ಪಿಂಚಣಿ ಯೋಜನೆ ಇದ್ದರೆ ಇದು ಕಡಿಮೆಯಾಗುತ್ತದೆ. ನಿಮ್ಮ ನಿಖರ ಅಂಕಿ ನೋಟಿಸ್ ಆಫ್ ಅಸೆಸ್‌ಮೆಂಟಿನಲ್ಲೇ ಇರುತ್ತದೆ. ಕೆನಡಾದಲ್ಲಿ ಸಂಪಾದಿಸಿದ್ದಷ್ಟೇ ಲೆಕ್ಕಕ್ಕೆ, ಬೆಂಗಳೂರಿನ ಹಳೇ ಸಂಬಳ ಬರುವುದಿಲ್ಲ. ಹಾಗಾಗಿ ಬಂದ ಮೊದಲ ವರ್ಷ ನಿಮ್ಮ ಮಿತಿ ಸೊನ್ನೆ. ಸಂಬಳ ಕಡಿಮೆ ಇರುವಾಗ ಆರ್‌ಆರ್‌ಎಸ್‌ಪಿಗೆ ಆತುರ ಪಡಬೇಡಿ, ಸಂಬಳ ಏರಿದ ಮೇಲೆ ಅದೇ ಮಿತಿ ಜಾಸ್ತಿ ತೆರಿಗೆ ಉಳಿಸುತ್ತದೆ. ಆದರೆ ನೀವು ಹಾಕಿದಷ್ಟೇ ಕಂಪನಿಯೂ ಹಾಕುತ್ತದೆ ಅಂದರೆ ಹಿಂದೆ ಮುಂದೆ ನೋಡದೆ ಮೊದಲು ಅದನ್ನು ಪೂರ್ತಿ ಬಳಸಿ.

ಎಫ್‌ಎಚ್‌ಎಸ್‌ಎ. ಮೊದಲ ಮನೆ ಕೊಳ್ಳುವವರಿಗೆ 2023ರಲ್ಲಿ ಬಂದದ್ದು. ವರ್ಷಕ್ಕೆ 8,000, ಒಟ್ಟು 40,000 ಡಾಲರ್. ಹಾಕಿದಾಗಲೂ ತೆರಿಗೆ ಉಳಿತಾಯ, ಮನೆಗಾಗಿ ತೆಗೆದಾಗಲೂ ತೆರಿಗೆ ಇಲ್ಲ. ಇದರ ಮಿತಿ ಶುರುವಾಗುವುದು ಖಾತೆ ತೆರೆದ ಮೇಲೆ. ಅದಕ್ಕೇ ಹಣ ಇಲ್ಲದಿದ್ದರೂ ತೆರೆದಿಡಿ ಅನ್ನುತ್ತಾರೆ. ನಮ್ಮವರು ಗಮನಿಸಬೇಕಾದ ಒಂದು ಷರತ್ತು ಇಲ್ಲಿದೆ. ಈ ವರ್ಷ ಅಥವಾ ಹಿಂದಿನ ನಾಲ್ಕು ವರ್ಷಗಳಲ್ಲಿ ನೀವು ನಿಮ್ಮ ಸ್ವಂತ ಮನೆಯಲ್ಲಿ ವಾಸ ಮಾಡಿರಬಾರದು, ಮತ್ತು ಆ ಮನೆ ಕೆನಡಾದಲ್ಲೇ ಇರಬೇಕು ಅಂತೇನಿಲ್ಲ. ಎರಡು ವರ್ಷದ ಹಿಂದೆ ಜೆ.ಪಿ. ನಗರದ ಸ್ವಂತ ಫ್ಲಾಟಿನಲ್ಲಿದ್ದು ವಿಮಾನ ಹತ್ತಿ ಬಂದವರು ಇನ್ನೂ ಕಾಯಬೇಕು. ಗಂಡ ಅಥವಾ ಹೆಂಡತಿಯ ಹೆಸರಿನ ಮನೆಯಾದರೂ ಅಷ್ಟೇ.

ಮಕ್ಕಳಿದ್ದರೆ ಆರ್‌ಇಎಸ್‌ಪಿ, ಅವರ ಓದಿಗೆ ಹಣ ಕೂಡಿಡುವ ಖಾತೆ. ವರ್ಷಕ್ಕೆ 2,500 ಹಾಕಿದರೆ ಸರ್ಕಾರ 500 ಸೇರಿಸುತ್ತದೆ, ಒಂದು ಮಗುವಿಗೆ ಒಟ್ಟು 7,200ರವರೆಗೆ. ಇದನ್ನು ಬಿಡಬೇಡಿ.

ಇವೆಲ್ಲ ತುಂಬಿದ ಮೇಲೂ ಹಣ ಉಳಿದರೆ ಸಾಮಾನ್ಯ ಖಾತೆ. ಇದನ್ನು ನಾನ್‌ ರಿಜಿಸ್ಟರ್ಡ್ ಅನ್ನುತ್ತಾರೆ, ಇಲ್ಲಿ ತೆರಿಗೆ ಉಂಟು.

ಬ್ರೋಕರ್ ಬಗ್ಗೆ ಎರಡೇ ಮಾತು. ವೆಲ್ತ್‌ಸಿಂಪಲ್, ಕ್ವೆಸ್ಟ್ರೇಡ್ ತರಹದವು ಇಟಿಎಫ್ ಕೊಳ್ಳಲು ಕಮಿಷನ್ ತೆಗೆದುಕೊಳ್ಳುವುದಿಲ್ಲ. ದೊಡ್ಡ ಬ್ಯಾಂಕುಗಳಲ್ಲಿ ಒಂದೊಂದು ಖರೀದಿಗೆ ಹತ್ತು ಡಾಲರ್ ಹತ್ತಿರ ಹೋಗುವುದೂ ಉಂಟು. ತಿಂಗಳಿಗೆ 200 ಡಾಲರ್ ಹಾಕುವವರಿಗೆ ಹತ್ತು ಡಾಲರ್ ಅಂದರೆ ಕೊಳ್ಳುವಾಗಲೇ 5% ಹೋಯಿತು. ಬ್ರೋಕರ್ ಸಿಐಪಿಎಫ್ ರಕ್ಷಣೆ ಇರುವವರೇ ಅಂತ ನೋಡಿ. ಬ್ರೋಕರ್ ಮುಳುಗಿ ನಿಮ್ಮ ಆಸ್ತಿ ಕಾಣೆಯಾದರೆ ಅದು 10 ಲಕ್ಷ ಡಾಲರಿನವರೆಗೆ ತುಂಬಿಕೊಡುತ್ತದೆ. ಪೇಟೆ ಬಿದ್ದು ಆದ ನಷ್ಟಕ್ಕೆ ಯಾರೂ ಏನೂ ಕೊಡುವುದಿಲ್ಲ.

3. ಎಷ್ಟು ಷೇರು, ಎಷ್ಟು ಬಾಂಡ್

ಬಾಂಡ್ ಅಂದರೆ ಸರ್ಕಾರಕ್ಕೋ ಕಂಪನಿಗೋ ನೀವು ಕೊಟ್ಟ ಸಾಲ. ಷೇರಿನಷ್ಟು ಏರುವುದಿಲ್ಲ, ಸಾಮಾನ್ಯವಾಗಿ ಅಷ್ಟು ಬೀಳುವುದೂ ಇಲ್ಲ. ಸಾಮಾನ್ಯವಾಗಿ ಅಂದೆ, ಯಾಕೆಂದರೆ 2022ರಲ್ಲಿ ಬಡ್ಡಿ ದರ ಏಕಾಏಕಿ ಏರಿ ಕೆನಡಾದ ಬಾಂಡ್ ಫಂಡ್‌ಗಳೂ ಹತ್ತು ಪರ್ಸೆಂಟಿಗಿಂತ ಜಾಸ್ತಿ ಬಿದ್ದವು. "ಬಾಂಡ್ ಸೇಫ್ ಅಲ್ವಾ?" ಅಂತ ಕೇಳಿದವರಿಗೆ ಆ ವರ್ಷವೇ ಉತ್ತರ.

ಷೇರಿನ ಕಥೆ ಇನ್ನೂ ಕಟುವಾದದ್ದು. 2008ರಲ್ಲಿ ಟೊರೊಂಟೊ ಪೇಟೆ ಮೂರನೇ ಒಂದು ಭಾಗ ಕಳೆದುಕೊಂಡಿತು. 2020ರಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆಯ ವಾರದೊಳಗೆ ಸುಮಾರು 37% ಹೋಯಿತು. ಪರ್ಸೆಂಟಿನಲ್ಲಿ ಯೋಚಿಸಬೇಡಿ, ಡಾಲರಿನಲ್ಲಿ ಯೋಚಿಸಿ. ನಿಮ್ಮ 60,000 ಡಾಲರ್ ಒಂದು ತಿಂಗಳಲ್ಲಿ 38,000 ಆಗಿದೆ, ಅದೇ ವಾರ ನಿಮ್ಮ ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ಊರಿನಿಂದ ಅಮ್ಮನ ಫೋನು ಬರುತ್ತಿದೆ. ಆಗಲೂ ಮಾರದೆ ಕೂರುತ್ತೀರಾ? "ಹೌದು" ಅನ್ನುವವರು ಪೂರ್ತಿ ಷೇರಿಗೆ ಹೋಗಬಹುದು. ಗೊತ್ತಿಲ್ಲ ಅನ್ನುವವರು 80% ಷೇರು 20% ಬಾಂಡಿನಿಂದ, ಅಥವಾ 60%, 40%ರಿಂದ ಶುರು ಮಾಡಿ. ನನ್ನ ಅಭಿಪ್ರಾಯ ಕೇಳಿದರೆ, ಇನ್ನೂ ಒಂದೂ ಕುಸಿತ ನೋಡದವರು ತಮ್ಮ ಧೈರ್ಯವನ್ನು ಒಂದು ಮೆಟ್ಟಿಲು ಕಡಿಮೆಯೇ ಅಂದುಕೊಳ್ಳಲಿ.

4. ಒಂದೇ ಫಂಡ್ ಸಾಕಾ? ಬಹುತೇಕರಿಗೆ ಸಾಕು

2018ರಿಂದ ಈಚೆಗೆ ಕೆನಡಾದಲ್ಲಿ ಎಲ್ಲ ಒಂದರಲ್ಲೇ ಇರುವ ಇಟಿಎಫ್‌ಗಳು ಚಾಲ್ತಿಗೆ ಬಂದಿವೆ. ಹೋಟೆಲ್ ಊಟದ ಎಲೆ ಇದ್ದ ಹಾಗೆ. ಅನ್ನ, ಸಾರು, ಪಲ್ಯ, ಮೊಸರು ಎಲ್ಲ ಅಳತೆಯಾಗಿ ಬಡಿಸಿರುತ್ತಾರೆ, ನೀವು ಒಂದೊಂದಕ್ಕೆ ಬೇರೆ ಕೌಂಟರಿಗೆ ಹೋಗಬೇಕಿಲ್ಲ. ಒಳಗೆ ಕೆನಡಾ, ಅಮೆರಿಕ, ಯುರೋಪ್, ಜಪಾನ್, ಇಂಡಿಯಾ, ಚೀನಾ ಎಲ್ಲ ಇರುತ್ತವೆ. ಯಾವುದೋ ಒಂದು ಜಾಸ್ತಿ ಬೆಳೆದು ಅಳತೆ ತಪ್ಪಿದರೆ ಫಂಡಿನವರೇ ಸರಿ ಮಾಡುತ್ತಾರೆ. ಇದಕ್ಕೆ ರೀಬ್ಯಾಲೆನ್ಸಿಂಗ್ ಅನ್ನುತ್ತಾರೆ.

ಪೂರ್ತಿ ಷೇರು ಬೇಕು ಅಂದರೆ ಎಕ್ಸ್‌ಇಕ್ಯೂಟಿ, ವಿಇಕ್ಯೂಟಿ, ಝಡ್‌ಇಕ್ಯೂಟಿ. ಕ್ರಮವಾಗಿ ಐಶೇರ್ಸ್, ವ್ಯಾನ್‌ಗಾರ್ಡ್, ಬಿಎಂಒ ಕಂಪನಿಗಳವು. 80% ಷೇರು, 20% ಬಾಂಡ್ ಬೇಕು ಅಂದರೆ ಎಕ್ಸ್‌ಗ್ರೋ, ವಿಗ್ರೋ, ಝಡ್‌ಗ್ರೋ. 60%, 40% ಅಂದರೆ ಎಕ್ಸ್‌ಬಾಲ್, ವಿಬಾಲ್, ಝಡ್‌ಬಾಲ್. ಇನ್ನೂ ಮೆತ್ತಗೆ ಬೇಕು ಅಂದರೆ ಎಕ್ಸ್‌ಸಿಎನ್‌ಎಸ್, ವಿಸಿಎನ್‌ಎಸ್.

ಎಕ್ಸ್‌ಇಕ್ಯೂಟಿ ಒಳ್ಳೆಯದೋ ವಿಇಕ್ಯೂಟಿಯೋ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. ಮುಖ್ಯ ವ್ಯತ್ಯಾಸ ಇಷ್ಟೇ: ಮೊದಲನೆಯದರಲ್ಲಿ ಕೆನಡಾದ ಪಾಲು ಸುಮಾರು 25%, ಎರಡನೆಯದರಲ್ಲಿ ಸುಮಾರು 30%. ಖರ್ಚು ಹೆಚ್ಚು ಕಮ್ಮಿ ಒಂದೇ. ಚೀಟಿ ಎತ್ತಿ ಒಂದನ್ನು ಆರಿಸಿದರೂ ನಡೆಯುತ್ತದೆ, ನಿಜವಾಗಿ.

ಪ್ರಪಂಚದ ಷೇರುಪೇಟೆಯಲ್ಲಿ ಕೆನಡಾದ ಪಾಲು ಸುಮಾರು 3%, ಮತ್ತೆ ಈ ಫಂಡ್‌ಗಳಲ್ಲಿ ಯಾಕೆ 25%, 30%? ನಿಮ್ಮ ಖರ್ಚು ಕೆನಡಾ ಡಾಲರಿನಲ್ಲಿದೆ, ಇಲ್ಲಿನ ಕಂಪನಿಗಳ ಡಿವಿಡೆಂಡಿಗೆ, ಅಂದರೆ ಷೇರುದಾರರಿಗೆ ಹಂಚುವ ಲಾಭಕ್ಕೆ, ತೆರಿಗೆ ರಿಯಾಯಿತಿ ಇದೆ, ಅದು ಒಂದು ಸಮರ್ಥನೆ. ಆದರೆ ಟೊರೊಂಟೊ ಪೇಟೆ ಅಂದರೆ ಬಹುಪಾಲು ಬ್ಯಾಂಕು, ಎಣ್ಣೆ, ಗಣಿ. ಅದೊಂದನ್ನೇ ನಂಬಿಕೊಂಡರೆ ಕಷ್ಟ.

ತಾವೇ ಬೇರೆ ಬೇರೆ ಕೊಂಡು ಜೋಡಿಸಬೇಕು ಅನ್ನುವವರಿಗೆ: ಕೆನಡಾಕ್ಕೆ ಎಕ್ಸ್‌ಐಸಿ ಅಥವಾ ವಿಸಿಎನ್, ಕೆನಡಾ ಬಿಟ್ಟು ಉಳಿದ ಪ್ರಪಂಚಕ್ಕೆ ಎಕ್ಸ್‌ಎಡಬ್ಲ್ಯು, ಬಾಂಡಿಗೆ ಝಡ್‌ಎಜಿ ಅಥವಾ ವಿಎಬಿ. ಮೂರು ಫಂಡ್ ಸಾಕು. ಖರ್ಚು ಒಂದಿಷ್ಟು ಇಳಿಯುತ್ತದೆ, ಆದರೆ ಅಳತೆ ಸರಿ ಮಾಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಬಿದ್ದದ್ದನ್ನು ಕೊಳ್ಳಬೇಕಾದಾಗ ಕೈ ಬರುವುದಿಲ್ಲ, ಇದು ಅನುಭವದ ಮಾತು.

5. ಫಂಡಿನ ಹಾಳೆ ಓದುವುದು

ಪ್ರತಿ ಇಟಿಎಫ್‌ಗೂ ಇಟಿಎಫ್ ಫ್ಯಾಕ್ಟ್ಸ್ ಅನ್ನುವ ಚಿಕ್ಕ ದಾಖಲೆ ಇರುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕೊಳ್ಳುವ ಮೊದಲು ಇದನ್ನು ತೆಗೆದು ಕೆಲವನ್ನು ಹುಡುಕಿ.

ಮೊದಲನೆಯದು ಎಂಇಆರ್, ಅಂದರೆ ವರ್ಷಕ್ಕೆ ಫಂಡ್ ನಡೆಸುವವರು ನಿಮ್ಮ ಹಣದಿಂದ ತೆಗೆದುಕೊಳ್ಳುವ ಪಾಲು. ಬಿಲ್ ಬರುವುದಿಲ್ಲ, ಒಳಗೇ ಕಡಿತವಾಗುತ್ತದೆ. ಎಲ್ಲ ಒಂದರಲ್ಲೇ ಇರುವ ಫಂಡ್‌ಗಳಲ್ಲಿ ಇದು ಸುಮಾರು 0.20%. ಬ್ಯಾಂಕಿಗೆ ಹೋಗಿ ಕೇಳಿದರೆ ಅವರು ಕೊಡುವ ಮ್ಯೂಚುವಲ್ ಫಂಡಿನಲ್ಲಿ 2% ಹತ್ತಿರ ಇರುವುದುಂಟು. ಬರೀ ಎರಡು ಪರ್ಸೆಂಟ್ ಅನ್ನಿಸುತ್ತದೆ ಅಲ್ವಾ? 1,00,000 ಡಾಲರ್ 25 ವರ್ಷ, ಖರ್ಚಿನ ಮೊದಲು 6% ಬೆಳೆಯಿತು ಅಂದುಕೊಳ್ಳಿ. 2% ಕಳೆದರೆ ಕೊನೆಗೆ ಸುಮಾರು 2,67,000. 0.20% ಕಳೆದರೆ ಸುಮಾರು 4,09,000. ನಡುವಿನ 1,42,000 ಡಾಲರ್ ನಿಮ್ಮ ಮನೆಗೆ ಬರಲಿಲ್ಲ.

ಆಮೇಲೆ ಅದು ಯಾವ ಸೂಚ್ಯಂಕವನ್ನು (ಆಯ್ದ ಷೇರುಗಳ ಒಟ್ಟು ಏರಿಳಿತದ ಅಳತೆ) ಅನುಸರಿಸುತ್ತದೆ, ಒಳಗೆ ಎಷ್ಟು ಕಂಪನಿಗಳಿವೆ, ಮೊದಲ ಹತ್ತು ಕಂಪನಿಗಳ ಪಾಲು ಎಷ್ಟು ಅಂತ ನೋಡಿ. ಹೆಸರು ನೋಡಿ ಮೋಸ ಹೋಗಬೇಡಿ.

ಹೆಡ್ಜ್ಡ್ ಅಂತ ಬರೆದಿದೆಯಾ? ಅಂದರೆ ಅಮೆರಿಕ ಡಾಲರಿನ ಏರಿಳಿತ ನಿಮಗೆ ತಟ್ಟದ ಹಾಗೆ ವ್ಯವಸ್ಥೆ ಮಾಡಿದ್ದಾರೆ. ವಿಎಫ್‌ವಿ ಮತ್ತು ವಿಎಸ್‌ಪಿ ಎರಡರಲ್ಲೂ ಇರುವುದು ಅದೇ ಅಮೆರಿಕದ 500 ಕಂಪನಿಗಳು, ಆದರೆ ಎರಡನೆಯದು ಹೆಡ್ಜ್ಡ್. ದೀರ್ಘಾವಧಿಯ ಷೇರು ಹೂಡಿಕೆಗೆ ನಾನು ಹೆಡ್ಜ್ ಇಲ್ಲದ್ದನ್ನೇ ಇಷ್ಟಪಡುತ್ತೇನೆ. ಹೆಡ್ಜ್ ಮಾಡಲೂ ಖರ್ಚಾಗುತ್ತದೆ, ಮತ್ತು ಪ್ರಪಂಚಕ್ಕೆ ಗಾಬರಿಯಾದಾಗ ಅಮೆರಿಕ ಡಾಲರ್ ಏರುವುದೇ ಹೆಚ್ಚು, ಷೇರು ಬೀಳುವಾಗ ಅದು ಸ್ವಲ್ಪ ಮೆತ್ತೆಯಾಗುತ್ತದೆ.

ಹಿಂದಿನ ಒಂದು ವರ್ಷದ ಲಾಭದ ಅಂಕಿಯೂ ಆ ಹಾಳೆಯಲ್ಲಿ ಇರುತ್ತದೆ. ಅದನ್ನು ನೋಡಿ ಆರಿಸಬೇಡಿ. 2000ದಿಂದ 2009ರವರೆಗೆ ಪೂರ್ತಿ ಹತ್ತು ವರ್ಷ ಅಮೆರಿಕದ ಆ 500 ಕಂಪನಿಗಳ ಸೂಚ್ಯಂಕ ಡಿವಿಡೆಂಡ್ ಸೇರಿಸಿದರೂ ನಷ್ಟದಲ್ಲಿತ್ತು. ಈಗ "ಬರೀ ವಿಎಫ್‌ವಿ ಸಾಕು" ಅನ್ನುವವರಲ್ಲಿ ಬಹಳಷ್ಟು ಜನ ಆಗ ಇನ್ನೂ ಸ್ಕೂಲಿನಲ್ಲಿದ್ದರು.

6. ಕೊಳ್ಳದೆ ಬಿಡಬೇಕಾದವು

ಎಕ್ಸ್‌ಇಕ್ಯೂಟಿ ಇದೆ, ಜೊತೆಗೆ ವಿಎಫ್‌ವಿ, ಅದರ ಜೊತೆಗೆ ಅಮೆರಿಕದ ಟೆಕ್ ಕಂಪನಿಗಳೇ ಹೆಚ್ಚಿರುವ ನಾಸ್‌ಡಾಕ್ ಫಂಡ್ ಒಂದು. ಇದು ದರ್ಶಿನಿಗೆ ಹೋಗಿ ರೈಸ್‌ಬಾತ್, ಪುಳಿಯೋಗರೆ, ಚಿತ್ರಾನ್ನ ಮೂರನ್ನೂ ತಗೊಂಡು ಬಗೆಬಗೆಯ ಊಟ ಮಾಡಿದೆ ಅಂದಂತೆ. ಮೂರೂ ಅನ್ನವೇ. ಆಪಲ್, ಮೈಕ್ರೋಸಾಫ್ಟ್, ಎನ್‌ವಿಡಿಯಾ ಮೂರೂ ಕಡೆ ಮೇಲೇ ಕೂತಿರುತ್ತವೆ. ಫಂಡ್ ಮೂರಾದವು, ಅಪಾಯ ಹಂಚಿಹೋಗಲಿಲ್ಲ.

ಕವರ್ಡ್ ಕಾಲ್ ಫಂಡ್‌ಗಳು ತಿಂಗಳು ತಿಂಗಳು ಹಣ ಕೊಡುತ್ತವೆ, 7%, 8% ಅಂತ ಜಾಹೀರಾತು ಇರುತ್ತದೆ. ಅವು ಮಾಡುವುದೇನೆಂದರೆ, ಷೇರು ಒಂದು ಮಟ್ಟದ ಮೇಲೆ ಏರಿದರೆ ಆ ಲಾಭ ಬೇರೆಯವರಿಗೆ ಅಂತ ಮೊದಲೇ ಮಾರಿ ಆ ಹಣವನ್ನು ನಿಮಗೆ ಹಂಚುವುದು. ಬೀಳುವಾಗ ಹೆಚ್ಚು ಕಡಿಮೆ ಪೂರ್ತಿ ಬೀಳುತ್ತೀರಿ, ಏರುವಾಗ ಅರ್ಧಕ್ಕೇ ನಿಲ್ಲುತ್ತೀರಿ. ನಿವೃತ್ತರಿಗೆ ಏನೋ ಒಂದು ಉಪಯೋಗ ಇರಬಹುದು, ಮೂವತ್ತೈದರವರಿಗೆ ಇದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಎರಡು ಪಟ್ಟು, ಮೂರು ಪಟ್ಟು ಅಂತ ಬರುವ ಲೆವರೇಜ್ ಫಂಡ್‌ಗಳನ್ನು ಮುಟ್ಟಬೇಡಿ. ಅವು ದಿನದ ಏರಿಳಿತವನ್ನು ದುಪ್ಪಟ್ಟು ಮಾಡುತ್ತವೆ, ವರ್ಷದ್ದನ್ನಲ್ಲ. 100ರಲ್ಲಿರುವ ಸೂಚ್ಯಂಕ ಒಂದು ದಿನ 10% ಬಿದ್ದು ಮರುದಿನ 11.1% ಏರಿದರೆ ಮತ್ತೆ 100 ಆಗುತ್ತದೆ. ದುಪ್ಪಟ್ಟು ಫಂಡ್ 80ಕ್ಕೆ ಇಳಿದು 97.8ಕ್ಕೆ ನಿಲ್ಲುತ್ತದೆ. ಹೀಗೇ ಕರಗುತ್ತಾ ಹೋಗುತ್ತದೆ.

ಇಂಡಿಯಾ ಫಂಡ್? ನಮ್ಮ ದೇಶ ಬೆಳೆಯುತ್ತಿದೆ, ನಾವು ಹಾಕದಿದ್ದರೆ ಯಾರು ಅನ್ನುವ ಭಾವನೆ ನನಗೂ ಇದೆ. ಟೊರೊಂಟೊದಲ್ಲಿ ಎಕ್ಸ್‌ಐಡಿ, ಝಡ್‌ಐಡಿ ಇವೆ. ಆದರೆ ಖರ್ಚು ಎಲ್ಲ ಒಂದರಲ್ಲೇ ಇರುವ ಫಂಡಿನ ಹಲವು ಪಟ್ಟು. ಅಲ್ಲಿ ನಿಮಗೆ ಈಗಾಗಲೇ ಸೈಟು, ಪಿಎಫ್, ಹಳೇ ಮ್ಯೂಚುವಲ್ ಫಂಡ್ ಇದ್ದರೆ ನಿಮ್ಮ ಆಸ್ತಿಯಲ್ಲಿ ಇಂಡಿಯಾದ ಪಾಲು ಆಗಲೇ ಜಾಸ್ತಿ ಇದೆ. ಎಕ್ಸ್‌ಇಕ್ಯೂಟಿ ಒಳಗೂ ಒಂದು ಚೂರು ಇದೆ. ಹಾಕಲೇಬೇಕು ಅಂದರೆ ಒಟ್ಟು ಹಣದ 5% ದಾಟಬೇಡಿ.

7. ಅಮೆರಿಕದಲ್ಲಿ ಪಟ್ಟಿಯಾದ ಇಟಿಎಫ್ ಕೊಳ್ಳಬೇಕಾ?

ಈ ಪ್ರಶ್ನೆ ಯಾಕೆ ಬರುತ್ತದೆ ಅಂದರೆ, ಅಮೆರಿಕದ ಕಂಪನಿಗಳು ಕೊಡುವ ಡಿವಿಡೆಂಡಿನಲ್ಲಿ ಅಲ್ಲಿನ ಸರ್ಕಾರ 15% ಹಿಡಿದುಕೊಳ್ಳುತ್ತದೆ. ನಿಮ್ಮ ಟಿಎಫ್‌ಎಸ್‌ಎಯಲ್ಲಿ ಯಾವ ಫಂಡ್ ಇದ್ದರೂ ಇದು ತಪ್ಪುವುದಿಲ್ಲ. ಆರ್‌ಆರ್‌ಎಸ್‌ಪಿಯಲ್ಲಿ ಮಾತ್ರ, ಅದೂ ವಿಟಿಐ ತರಹದ ಅಮೆರಿಕ ಪೇಟೆಯ ಫಂಡನ್ನೇ ನೇರವಾಗಿ ಇಟ್ಟರೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಈ ಕಡಿತ ಇಲ್ಲ. ಕೆನಡಾ ಪೇಟೆಯ ವಿಎಫ್‌ವಿಯನ್ನು ಆರ್‌ಆರ್‌ಎಸ್‌ಪಿಯಲ್ಲಿ ಇಟ್ಟರೆ ಕಡಿತ ಉಂಟು.

ಲೆಕ್ಕ ಹಾಕೋಣ. ಆರ್‌ಆರ್‌ಎಸ್‌ಪಿಯಲ್ಲಿ ಅಮೆರಿಕದ ಷೇರು 50,000 ಡಾಲರ್, ಡಿವಿಡೆಂಡ್ 1.3% ಅಂದುಕೊಂಡರೆ 650, ಅದರಲ್ಲಿ 15% ಅಂದರೆ ವರ್ಷಕ್ಕೆ ಸುಮಾರು 100 ಡಾಲರ್ ಉಳಿತಾಯ. ಅದಕ್ಕಾಗಿ ಕೆನಡಾ ಡಾಲರನ್ನು ಅಮೆರಿಕ ಡಾಲರಿಗೆ ಬದಲಿಸಬೇಕು, ಬ್ರೋಕರ್ 1.5% ತೆಗೆದರೆ ಅಲ್ಲೇ 750 ಹೋಯಿತು. ಇದನ್ನು ತಪ್ಪಿಸಲು ಡಿಎಲ್‌ಆರ್ ಅನ್ನುವ ಫಂಡನ್ನು ಕೆನಡಾ ಡಾಲರಿನಲ್ಲಿ ಕೊಂಡು ಅಮೆರಿಕ ಡಾಲರಿನಲ್ಲಿ ಮಾರುವ ಒಂದು ದಾರಿ ಇದೆ, ನಾರ್ಬರ್ಟ್ಸ್ ಗ್ಯಾಂಬಿಟ್ ಅಂತ ಹೆಸರು. ಮಾಡಬಹುದು. ಆರ್‌ಆರ್‌ಎಸ್‌ಪಿ ಲಕ್ಷ ಡಾಲರ್ ದಾಟುವವರೆಗೆ ನಾನಂತೂ ಈ ಗೋಜಿಗೆ ಹೋಗಬೇಡಿ ಅನ್ನುತ್ತೇನೆ.

8. ಈಗ ಕೊಳ್ಳಿ

ಪೇಟೆ ಟೊರೊಂಟೊ ಸಮಯ ಬೆಳಿಗ್ಗೆ 9:30ರಿಂದ ಸಂಜೆ 4ರವರೆಗೆ. ವ್ಯಾಂಕೂವರಿನವರಿಗೆ 6:30ರಿಂದ 1. ಮೊದಲ ಹದಿನೈದು ನಿಮಿಷ, ಕೊನೆಯ ಹದಿನೈದು ನಿಮಿಷ ಬಿಟ್ಟುಬಿಡಿ. ಆಗ ಕೊಳ್ಳುವವರು ಕೊಡುವ ಬೆಲೆಗೂ ಮಾರುವವರು ಕೇಳುವ ಬೆಲೆಗೂ ಅಂತರ ಜಾಸ್ತಿ ಇರುತ್ತದೆ. ಅಮೆರಿಕಕ್ಕೆ ರಜೆ ಇದ್ದು ಟೊರೊಂಟೊ ತೆರೆದಿರುವ ದಿನ, ಉದಾಹರಣೆಗೆ ಜುಲೈ 4, ಅಮೆರಿಕದ ಷೇರಿರುವ ಫಂಡ್ ಕೊಳ್ಳಬೇಡಿ.

ಆ್ಯಪಿನಲ್ಲಿ ಟಿಕರ್ ಟೈಪ್ ಮಾಡಿ, ಅದು ಟೊರೊಂಟೊ ಪೇಟೆಯದ್ದೇ ಅಂತ ಖಚಿತ ಮಾಡಿಕೊಳ್ಳಿ. ಒಂದೇ ಅಕ್ಷರಗಳ ಟಿಕರ್ ನ್ಯೂಯಾರ್ಕಿನಲ್ಲಿ ಬೇರೇನೋ ಆಗಿರಬಹುದು. ಯಾವ ಖಾತೆಯಲ್ಲಿ ಕೊಳ್ಳುತ್ತಿದ್ದೀರಿ ಅಂತ ಇನ್ನೊಮ್ಮೆ ನೋಡಿ. ಆಮೇಲೆ ಮಾರ್ಕೆಟ್ ಆರ್ಡರ್ ಬದಲು ಲಿಮಿಟ್ ಆರ್ಡರ್ ಹಾಕಿ, ಅಂದರೆ "ಇದಕ್ಕಿಂತ ಜಾಸ್ತಿ ಬೆಲೆಗೆ ಬೇಡ" ಅಂತ ಹೇಳುವುದು. ಮಾರುವವರು ಕೇಳುತ್ತಿರುವ ಬೆಲೆಗಿಂತ ಒಂದೆರಡು ಸೆಂಟ್ ಮೇಲೆ ಹಾಕಿದರೆ ಸಾಮಾನ್ಯವಾಗಿ ತಕ್ಷಣ ಸಿಗುತ್ತದೆ.

ಡ್ರಿಪ್ ಆನ್ ಮಾಡಿ. ಬರುವ ಡಿವಿಡೆಂಡಿನಿಂದ ತಾನಾಗಿಯೇ ಮತ್ತೆ ಯೂನಿಟ್ ಕೊಳ್ಳುವ ವ್ಯವಸ್ಥೆ ಅದು. ಸಂಬಳದ ಮರುದಿನ ಇಷ್ಟು ಹಣ ಹೋಗಲಿ ಅಂತ ಬ್ರೋಕರ್ ಆ್ಯಪಿನಲ್ಲಿ ಹಾಕಿಟ್ಟರೆ ಮುಗಿಯಿತು. "ಪೇಟೆ ಮೇಲಿದೆ, ಬಿದ್ದ ಮೇಲೆ ಹಾಕೋಣ" ಅಂತ ಕಾಯುವವರು ಬಿದ್ದಾಗ "ಇನ್ನೂ ಬೀಳಲಿ" ಅಂತ ಕಾಯುತ್ತಾರೆ.

9. ಸಾಮಾನ್ಯ ಖಾತೆಯ ತೆರಿಗೆ

ಹಣವೆಲ್ಲ ಟಿಎಫ್‌ಎಸ್‌ಎ, ಆರ್‌ಆರ್‌ಎಸ್‌ಪಿ, ಎಫ್‌ಎಚ್‌ಎಸ್‌ಎ ಒಳಗೇ ಇದ್ದರೆ ಮುಂದಿನ ಎರಡು ಪ್ಯಾರಾ ಬಿಟ್ಟು ಮೂರನೆಯದಕ್ಕೆ ಹೋಗಿ. ಅದನ್ನು ಮಾತ್ರ ಬಿಡಬೇಡಿ.

ಸಾಮಾನ್ಯ ಖಾತೆಯಲ್ಲಿ ಮಾರಿ ಲಾಭ ಬಂದರೆ ಅದರ ಅರ್ಧಕ್ಕೆ ತೆರಿಗೆ. ಲಾಭ ಎಷ್ಟು ಅಂತ ತಿಳಿಯಲು ಎಸಿಬಿ ಬೇಕು, ಅಂದರೆ ಎಲ್ಲ ಯೂನಿಟ್‌ಗಳ ಸರಾಸರಿ ಕೊಂಡ ಬೆಲೆ. ಡ್ರಿಪ್‌ನಿಂದ ಬಂದ ಚಿಲ್ಲರೆ ಯೂನಿಟ್ಟೂ ಸೇರಬೇಕು. ಎರಡು ಬ್ರೋಕರ್ ಹತ್ತಿರ ಒಂದೇ ಫಂಡ್ ಇದ್ದರೆ ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಕು, ಬ್ರೋಕರ್ ತೋರಿಸುವ ಅಂಕಿ ಸಾಲದು. ಮೊದಲ ದಿನದಿಂದಲೇ ಒಂದು ಎಕ್ಸೆಲ್ ಹಾಳೆ ಇಟ್ಟುಕೊಳ್ಳಿ. ಇಟಿಎಫ್‌ನ ಆದಾಯ ತೋರಿಸುವ ಟಿ3 ಸ್ಲಿಪ್ ಬರುವುದು ಮಾರ್ಚ್ ಕೊನೆಗೆ. ಆಫೀಸಿನ ಸಂಬಳದ ಟಿ4 ಸ್ಲಿಪ್ ಬಂತು ಅಂತ ಮಾರ್ಚ್ ಮೊದಲ ವಾರವೇ ತೆರಿಗೆ ಲೆಕ್ಕ ಕಳಿಸಿಬಿಟ್ಟರೆ ಮತ್ತೆ ತಿದ್ದಬೇಕಾಗುತ್ತದೆ.

ನಷ್ಟ ತೋರಿಸಲು ಮಾರಿ, ಹಿಂದಿನ ಅಥವಾ ಮುಂದಿನ 30 ದಿನದೊಳಗೆ ಅದೇ ಫಂಡನ್ನು ನೀವೋ ನಿಮ್ಮ ಹೆಂಡತಿಯೋ ಗಂಡನೋ ಕೊಂಡು ಇಟ್ಟುಕೊಂಡರೆ ಆ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟಿಎಫ್‌ಎಸ್‌ಎಯಲ್ಲಿ ಕೊಂಡರೂ ಅಷ್ಟೇ.

ಇನ್ನು ಟಿ1135. ವಿದೇಶದಲ್ಲಿರುವ ಆಸ್ತಿಯ ಕೊಂಡ ಬೆಲೆ ಒಟ್ಟು 1,00,000 ಕೆನಡಾ ಡಾಲರ್ ದಾಟಿದರೆ ಈ ಫಾರಂ ಕೊಡಬೇಕು. ಟೊರೊಂಟೊ ಪೇಟೆಯ ಇಟಿಎಫ್‌ಗಳು, ಒಳಗೆ ಅಮೆರಿಕದ ಷೇರಿದ್ದರೂ, ಇದಕ್ಕೆ ಸೇರುವುದಿಲ್ಲ. ಸಾಮಾನ್ಯ ಖಾತೆಯ ವಿಟಿಐ ಸೇರುತ್ತದೆ. ಊರಲ್ಲಿರುವ ಎನ್‌ಆರ್‌ಇ, ಎನ್‌ಆರ್‌ಒ (ಅನಿವಾಸಿಗಳ ಬ್ಯಾಂಕ್ ಖಾತೆ) ಠೇವಣಿ, ಇಂಡಿಯಾದ ಮ್ಯೂಚುವಲ್ ಫಂಡ್, ಷೇರು, ಬಾಡಿಗೆಗೆ ಕೊಟ್ಟ ಫ್ಲಾಟು, ಇವೂ ಸೇರುತ್ತವೆ. ಬಂದ ದಿನ ಆ ಆಸ್ತಿಗೆ ಎಷ್ಟು ಬೆಲೆ ಇತ್ತೋ ಅದೇ ನಿಮ್ಮ ಕೊಂಡ ಬೆಲೆ ಅಂತ ಲೆಕ್ಕ, ಹದಿನೈದು ವರ್ಷದ ಹಿಂದೆ ಕೊಟ್ಟದ್ದಲ್ಲ. ಬೆಂಗಳೂರಿನ ಒಂದು ಬಾಡಿಗೆ ಫ್ಲಾಟೇ ಮಿತಿ ದಾಟಿಸಿಬಿಡುತ್ತದೆ. ಮೊದಲ ಸಲ ನಿವಾಸಿಯಾದ ವರ್ಷಕ್ಕೆ ಫಾರಂ ಬೇಡ, ಎರಡನೇ ವರ್ಷದಿಂದ ಬೇಕು. ತಡವಾದರೆ ದಿನಕ್ಕೆ 25 ಡಾಲರ್, ಗರಿಷ್ಠ 2,500ರವರೆಗೆ ದಂಡ. ಎನ್‌ಆರ್‌ಇ ಬಡ್ಡಿಗೆ ಇಂಡಿಯಾದಲ್ಲಿ ತೆರಿಗೆ ಇಲ್ಲ ಅಂತ ಇಲ್ಲಿ ತೋರಿಸದೆ ಬಿಡುವವರೂ ಇದ್ದಾರೆ. ಕೆನಡಾ ನಿವಾಸಿಯ ಪ್ರಪಂಚದ ಎಲ್ಲ ಆದಾಯಕ್ಕೂ ಇಲ್ಲಿ ತೆರಿಗೆ, ಅದಕ್ಕೂ ಸೇರಿ.

10. ಮುಂದೆ ವಾಪಸ್ ಹೋಗುವ ಯೋಚನೆ ಇದ್ದರೆ

ಐದು ವರ್ಷದಲ್ಲಿ ಊರಿಗೆ ಹೋಗಿಬಿಡುತ್ತೇವೆ ಅನ್ನುವವರು ಮೊದಲೇ ಯೋಚಿಸಿಕೊಳ್ಳಿ. ಕೆನಡಾ ಬಿಡುವ ದಿನ ಸಾಮಾನ್ಯ ಖಾತೆಯ ಇಟಿಎಫ್‌ಗಳನ್ನು ಆ ದಿನದ ಬೆಲೆಗೆ ಮಾರಿದಂತೆ ಲೆಕ್ಕ ಹಾಕಿ ತೆರಿಗೆ ಕೇಳುತ್ತಾರೆ, ನೀವು ಮಾರದಿದ್ದರೂ. ಟಿಎಫ್‌ಎಸ್‌ಎ, ಆರ್‌ಆರ್‌ಎಸ್‌ಪಿಗೆ ಇದು ಇಲ್ಲ. ಆದರೆ ಹೋದ ಮೇಲೆ ಟಿಎಫ್‌ಎಸ್‌ಎಗೆ ಹಣ ಹಾಕಿದರೆ ತಿಂಗಳಿಗೆ 1% ದಂಡ, ಮತ್ತು ಇಂಡಿಯಾದ ಆದಾಯ ತೆರಿಗೆಯವರು ಟಿಎಫ್‌ಎಸ್‌ಎಯನ್ನು ತೆರಿಗೆ ಇಲ್ಲದ ಖಾತೆ ಅಂತ ಒಪ್ಪುವುದಿಲ್ಲ. ಆರ್‌ಆರ್‌ಎಸ್‌ಪಿಯನ್ನು ಅಲ್ಲಿಂದ ಒಟ್ಟಿಗೆ ತೆಗೆದರೆ ಇಲ್ಲಿ 25% ಕಡಿತ ಮಾಡಿಯೇ ಕೊಡುತ್ತಾರೆ. ಹಾಗಾಗಿ ಟಿಎಫ್‌ಎಸ್‌ಎಯನ್ನು ಹೊರಡುವ ಮೊದಲೇ, ಇನ್ನೂ ಇಲ್ಲಿನ ನಿವಾಸಿಯಾಗಿರುವಾಗಲೇ ಮಾರಿ ಹಣ ತೆಗೆದುಕೊಳ್ಳುವುದು ಬಹುತೇಕರಿಗೆ ಸುಲಭ. ಮಾರಿದ ಹಣ ಖಾತೆಗೆ ಬರಲು ಒಂದು ಕೆಲಸದ ದಿನ ಬೇಕು, ಬ್ಯಾಂಕಿಗೆ ಹೋಗಲು ಇನ್ನೆರಡು ಮೂರು ದಿನ. ವಿಮಾನದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.